ಮತಗಳ ಎಣಿಕೆಯೂ ಪ್ರಜಾಪ್ರಭುತ್ವದ ಸ್ಥಿರತೆಯೂ

ನೂರು ಜನ ಮತದಾರರಿದ್ದಾರೆ, ಮೂವರು ಅಭ್ಯರ್ಥಿಗಳಿದ್ದಾರೆ. ತನಗೆ ಮೊದಲು ಯಾರು ಬೇಕು, ಅವರಿಲ್ಲದಿದ್ದರೆ ಯಾರಾಗಬಹುದು, ಯಾರು ಬೇಡವೇ ಬೇಡ ಎಂಬುದನ್ನು ಪ್ರತಿಯೊಬ್ಬ ಮತದಾರನೂ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡು ಬಂದಿದ್ದಾನೆ. ಇನ್ನು ಉಳಿದಿರುವುದು ಎಣಿಕೆಯೊಂದೇ. ಎಣಿಕೆಯೆಂದರೆ ಕೂಡುವ ಲೆಕ್ಕ. ಯಾರು ಎಣಿಸಿದರೂ ಗೆದ್ದವನು ಒಬ್ಬನೇ ಆಗಬೇಕಲ್ಲವೆ?

ಆಗಬೇಕಾಗಿಲ್ಲ. ಹೇಗೆಂಬುದನ್ನು ನೋಡೋಣ. ಅಭ್ಯರ್ಥಿಗಳಿಗೆ ರಾಮಯ್ಯ, ಸೋಮಯ್ಯ, ಭೀಮಯ್ಯ ಎಂದು ಹೆಸರಿಡೋಣ. ನೂರರಲ್ಲಿ ೩೮ ಜನರಿಗೆ ರಾಮಯ್ಯ ಮೊದಲು, ಸೋಮಯ್ಯ ಎರಡನೆಯವನು, ಭೀಮಯ್ಯ ಕೊನೆಯವನು. ೩೪ ಜನರಿಗೆ ಭೀಮಯ್ಯ ಮೊದಲು, ಸೋಮಯ್ಯ ಎರಡನೆಯವನು, ರಾಮಯ್ಯ ಕೊನೆಯವನು. ಮಿಕ್ಕ ೨೮ ಜನರಿಗೆ ಸೋಮಯ್ಯನೇ ಮೊದಲು. ಇವರಲ್ಲಿ ೧೮ ಜನ ಎರಡನೆಯ ಸ್ಥಾನವನ್ನು ಭೀಮಯ್ಯನಿಗೂ, ೧೦ ಜನ ರಾಮಯ್ಯನಿಗೂ ಕೊಡುತ್ತಾರೆ.

ಹೆಚ್ಚು ಮತ ಪಡೆದವನೇ ಗೆದ್ದ ಎಂಬುದು ಮೊದಲನೆಯ ನಿಯಮ. ಇದರಂತೆ ೩೮ ಮತ ಪಡೆದ ರಾಮಯ್ಯ ಗೆದ್ದನು. ಅರ್ಧಕ್ಕಿಂತ ಹೆಚ್ಚು ಮತ ಯಾರಿಗೂ ಬಾರದಿದ್ದರೆ ಮೊದಲಿಬ್ಬರ ನಡುವೆ ಇನ್ನೊಂದು ಸುತ್ತು ನಡೆಯಲಿ ಎಂಬುದು ಎರಡನೆಯ ನಿಯಮ. ಆಗ ಸೋಮಯ್ಯ ಕಣದಿಂದ ಹೊರಬೀಳುತ್ತಾನೆ. ಅವನ ಮತಗಳಲ್ಲಿ ೧೮ ಭೀಮಯ್ಯನಿಗೂ ೧೦ ರಾಮಯ್ಯನಿಗೂ ಹೋಗುತ್ತವೆ. ೫೨ಕ್ಕೆ ೪೮ರಂತೆ ಭೀಮಯ್ಯ ಗೆಲ್ಲುತ್ತಾನೆ. ಇಬ್ಬಿಬ್ಬರನ್ನೇ ಎದುರೆದುರು ನಿಲ್ಲಿಸಿ, ಉಳಿದ ಇಬ್ಬರನ್ನೂ ಸೋಲಿಸಬಲ್ಲವನು ಯಾರೋ ಅವನನ್ನು ಆರಿಸಬೇಕೆಂಬುದು ಮೂರನೆಯ ನಿಯಮ. ಸೋಮಯ್ಯ ರಾಮಯ್ಯನನ್ನು ೬೨ಕ್ಕೆ ೩೮ರಂತೆಯೂ, ಭೀಮಯ್ಯನನ್ನು ೬೬ಕ್ಕೆ ೩೪ರಂತೆಯೂ ಸೋಲಿಸುತ್ತಾನೆ. ಮತದಾರರು ಅವರೇ, ಅವರ ಮನಸ್ಸೂ ಬದಲಾಗಿಲ್ಲ. ಆದರೂ ನಿಯಮಗಳು ಮೂರಾದರೆ ಗೆದ್ದವರೂ ಮೂವರು! ಫ್ರಾನ್ಸಿನ ಗಣಿತಜ್ಞ ಕಾಂಡೋರ್ಸೆ ೧೭೮೫ರಲ್ಲಿಯೇ ಇಂತಹ ತೊಡಕುಗಳನ್ನು ಲೆಕ್ಕಹಾಕಿ ತೋರಿಸಿದ್ದನು.

ಆದುದರಿಂದ "ಜನರ ಆಯ್ಕೆ" ಎಂಬ ಮಾತಿಗೆ ಎಣಿಕೆಯ ನಿಯಮವನ್ನು ಹೇಳದೆ ಅರ್ಥವಿಲ್ಲ. ಅಳತೆಯ ಉಪಕರಣವನ್ನು ಹೇಳದೆ ಅಳತೆಯನ್ನು ಮಾತ್ರ ಹೇಳಿದರೆ ಭೌತವಿಜ್ಞಾನದಲ್ಲಿ ಹೇಗೆ ಸಾಲದೋ ಇಲ್ಲಿಯೂ ಹಾಗೆಯೇ. ನಿಯಮದಿಂದ ಗೆದ್ದವನ ಹೆಸರು ಮಾತ್ರ ಬದಲಾಗುವುದಾದರೆ ಇದು ಲೆಕ್ಕದ ಚಮತ್ಕಾರವಾಗಿ ಉಳಿಯುತ್ತಿತ್ತು. ಕೆಲವು ದೇಶಗಳಲ್ಲಿ ಪ್ರಜಾಪ್ರಭುತ್ವದ ಅಳಿವು ಉಳಿವುಗಳೇ ಇದರೊಡನೆ ಹೆಣೆದುಕೊಂಡಿವೆ. ಅದು ಹೇಗೆಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಎರಡು ಬಗೆಯ ಸರ್ಕಾರಗಳು

ನಮ್ಮ ದೇಶದಲ್ಲಿ ರಾಷ್ಟ್ರಪತಿಗಳಿದ್ದರೂ ನಮ್ಮದು ಅಧ್ಯಕ್ಷ ಪದ್ಧತಿಯ ಸರ್ಕಾರವಲ್ಲ. ಇಲ್ಲಿ ಆಡಳಿತದ ಹೊಣೆ ಪ್ರಧಾನಮಂತ್ರಿಯದು. ಲೋಕಸಭೆಯ ವಿಶ್ವಾಸವಿರುವವರೆಗೆ ಮಾತ್ರ ಅವರ ಅಧಿಕಾರ. ೧೯೯೯ರ ಏಪ್ರಿಲ್ ತಿಂಗಳಲ್ಲಿ ವಾಜಪೇಯಿಯವರ ಸರ್ಕಾರ ೨೬೯ಕ್ಕೆ ೨೭೦ರಂತೆ, ಒಂದೇ ಒಂದು ಮತದಿಂದ, ಲೋಕಸಭೆಯಲ್ಲಿ ಸೋತಿತು. ಸರ್ಕಾರ ಬಿದ್ದಿತು, ಚುನಾವಣೆ ನಡೆಯಿತು, ಹೊಸ ಲೋಕಸಭೆ ಕೂಡಿತು. ಸೇನೆ ತನ್ನ ಪಾಳೆಯವನ್ನು ಬಿಟ್ಟು ಕದಲಲಿಲ್ಲ. ಬಾಯ್ಲರಿನಲ್ಲಿ ಆವಿಯ ಒತ್ತಡ ಮಿತಿಮೀರಿದಾಗ ತಾನಾಗಿಯೇ ತೆರೆದುಕೊಳ್ಳುವ ರಕ್ಷಣಾ ಕವಾಟದ ಹಾಗೆ ಅವಿಶ್ವಾಸದ ಮತ ಇಲ್ಲಿ ಕೆಲಸ ಮಾಡುತ್ತದೆ.

ಅಧ್ಯಕ್ಷ ಪದ್ಧತಿಯಲ್ಲಿ ಈ ಕವಾಟವಿಲ್ಲ. ಅಧ್ಯಕ್ಷನನ್ನು ಜನರು ಒಂದು ಗೊತ್ತಾದ ಅವಧಿಗೆ ಆರಿಸುತ್ತಾರೆ. ಶಾಸನಸಭೆಯನ್ನೂ ಜನರೇ ಬೇರೆಯಾಗಿ ಆರಿಸುತ್ತಾರೆ. ಸಭೆಗೆ ಅಧ್ಯಕ್ಷನ ನೀತಿ ಒಪ್ಪಿಗೆಯಾಗದಿದ್ದರೆ ಅವನನ್ನು ಕಳುಹಿಸುವಂತಿಲ್ಲ. ಅಧ್ಯಕ್ಷನಿಗೆ ಸಭೆ ಬೇಡವಾದರೆ ಅದನ್ನು ಸಾಮಾನ್ಯವಾಗಿ ವಿಸರ್ಜಿಸುವಂತಿಲ್ಲ. "ನನ್ನನ್ನು ಜನರೇ ಆರಿಸಿದರು" ಎಂದು ಇಬ್ಬರೂ ಹೇಳಬಲ್ಲರು, ಇಬ್ಬರ ಮಾತೂ ನಿಜ. ಹ್ವಾನ್ ಲಿನ್ಸ್ ಎಂಬ ರಾಜ್ಯಶಾಸ್ತ್ರಜ್ಞ ೧೯೯೦ರಲ್ಲಿ ಪ್ರಕಟಿಸಿದ ಹೆಸರಾಂತ ಪ್ರಬಂಧದಲ್ಲಿ ಈ ಎರಡು ದೋಷಗಳನ್ನೇ, ಎಂದರೆ ಇಬ್ಬಗೆಯ ಜನಾದೇಶವನ್ನೂ ಅವಧಿಯ ಬಿಗಿತವನ್ನೂ, ಎತ್ತಿ ತೋರಿಸಿದನು.

ಅಧ್ಯಕ್ಷನಿಗೆ ಸಭೆಯಲ್ಲಿ ಬೆಂಬಲ ಸಾಕಷ್ಟಿದ್ದರೆ ಈ ದೋಷಗಳು ಕಣ್ಣಿಗೆ ಬೀಳುವುದಿಲ್ಲ. ಬೆಂಬಲ ಕಡಿಮೆಯಾದಂತೆ ಒತ್ತಡ ಏರುತ್ತದೆ. ಬೆಂಬಲ ಎಷ್ಟಿರುತ್ತದೆಂಬುದಾದರೋ ಬಹುಮಟ್ಟಿಗೆ ಚುನಾವಣೆಯ ನಿಯಮವನ್ನು ಅವಲಂಬಿಸಿದೆ. ಇದಕ್ಕೆ ದಕ್ಷಿಣ ಅಮೆರಿಕದ ಚಿಲಿ ದೇಶದ ಕಥೆ ಒಳ್ಳೆಯ ಉದಾಹರಣೆ.

ಚಿಲಿ: ಮೂರು ಪಾಲಾದ ದೇಶ

ಚಿಲಿಯ ೧೯೨೫ರ ರಾಜ್ಯಾಂಗದಂತೆ ಅಧ್ಯಕ್ಷನ ಅವಧಿ ಆರು ವರ್ಷ. ಅಭ್ಯರ್ಥಿಗಳಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ದೊರೆಯದಿದ್ದರೆ ಜನರು ಮತ್ತೆ ಮತ ಕೊಡುತ್ತಿರಲಿಲ್ಲ. ಶಾಸನಸಭೆಯ ಎರಡು ಮನೆಗಳೂ ಒಟ್ಟುಗೂಡಿ ಮೊದಲಿಬ್ಬರಲ್ಲಿ ಒಬ್ಬನನ್ನು ಆರಿಸುತ್ತಿದ್ದವು. ಶಾಸನಸಭೆಗೆ ಪಕ್ಷಗಳ ಮತಕ್ಕೆ ತಕ್ಕಷ್ಟು ಸ್ಥಾನಗಳನ್ನು ಹಂಚುವ ಪ್ರಮಾಣಾನುಗುಣ ಪ್ರಾತಿನಿಧ್ಯವಿತ್ತು. ಆದುದರಿಂದ ಪಕ್ಷಗಳು ಹಲವು. ಪ್ರತಿನಿಧಿಸಭೆಗೆ ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ. ಸೆನೇಟಿನ ಸದಸ್ಯರ ಅವಧಿ ಎಂಟು ವರ್ಷ, ನಾಲ್ಕು ವರ್ಷಕ್ಕೊಮ್ಮೆ ಅದರ ಅರ್ಧಭಾಗ ಬದಲಾಗುತ್ತಿತ್ತು. ಆರು, ನಾಲ್ಕು, ಎಂಟು: ಈ ಮೂರು ಲೋಲಕಗಳು ಒಟ್ಟಿಗೆ ತೂಗುವಂತಿರಲಿಲ್ಲ.

ಬಹುಕಾಲ ಈ ವ್ಯವಸ್ಥೆ ನಡೆದುಕೊಂಡು ಬಂದಿತು. ಯಾರಿಗೂ ಬಹುಮತ ಬಾರದಿದ್ದಾಗ ಸಭೆ ಮೊದಲನೆಯ ಸ್ಥಾನದಲ್ಲಿದ್ದವನನ್ನೇ ಆರಿಸುವ ಸಂಪ್ರದಾಯವನ್ನು ಪಾಲಿಸಿತು. ೧೯೫೮ರಲ್ಲಿ ಬಲಪಂಥದ ಹೋರ್ಹೆ ಅಲೆಸಾಂದ್ರಿ ನೂರಕ್ಕೆ ೩೧.೬ರಷ್ಟು ಮತಗಳಿಂದಲೇ ಅಧ್ಯಕ್ಷನಾದನು. ಎಡಪಂಥದ ಸಾಲ್ವಡೋರ್ ಅಯೆಂದೆಗೆ ಬಂದುದು ೨೮.೯, ಅಂತರ ಸುಮಾರು ೩೩ ಸಾವಿರ ಮತಗಳು. ಗೆಲ್ಲುವ ಆಸೆಯೇ ಇಲ್ಲದಿದ್ದ ಐದನೆಯ ಅಭ್ಯರ್ಥಿಯೊಬ್ಬನಿಗೆ ೪೧ ಸಾವಿರಕ್ಕೂ ಹೆಚ್ಚು ಮತಗಳು ಬಿದ್ದಿದ್ದುವು! ೧೯೬೪ರಲ್ಲಿ ಬಲಪಂಥದವರು ಅಯೆಂದೆ ಗೆದ್ದಾನೆಂಬ ಭಯದಿಂದ ನಡುಪಂಥದ ಎಡ್ವರ್ಡೊ ಫ್ರೇಗೆ ಬೆಂಬಲವಿತ್ತರು. ಅವನಿಗೆ ನೂರಕ್ಕೆ ೫೬ ಮತಗಳು ಬಂದುವು. ನಮ್ಮ ಲೆಕ್ಕದ ಮೂವರಲ್ಲಿ ಒಬ್ಬ ತಾನೇ ಹಿಂದೆ ಸರಿದಂತಾಯಿತು.

೧೯೭೦ರ ಸೆಪ್ಟೆಂಬರ್ ೪ರಂದು ಮೂರು ಪಂಥಗಳೂ ಬೇರೆಬೇರೆಯಾಗಿ ನಿಂತುವು. ಅಯೆಂದೆಗೆ ನೂರಕ್ಕೆ ೩೬.೬, ಅಲೆಸಾಂದ್ರಿಗೆ ೩೫.೩, ನಡುಪಂಥದ ರಾಡೊಮಿರೊ ಟೊಮಿಕ್‌ಗೆ ೨೮.೧. ಮೊದಲಿಬ್ಬರ ಅಂತರ ಸುಮಾರು ೩೯ ಸಾವಿರ. ವಾಚಕರು ಈ ಅಂಕಿಗಳನ್ನು ನಮ್ಮ ೩೮, ೩೪, ೨೮ರೊಡನೆ ಹೋಲಿಸಿ ನೋಡಬಹುದು. ಮತದಾರರ ಎರಡನೆಯ ಇಷ್ಟವೇನಿತ್ತೆಂಬುದನ್ನು ಯಾರೂ ಕೇಳಲಿಲ್ಲ. ನಿಯಮ ಅದನ್ನು ಕೇಳುವುದಿಲ್ಲ. ಅಕ್ಟೋಬರ್ ೨೪ರಂದು ಶಾಸನಸಭೆ ೧೫೩ ಮತಗಳಿಂದ ಅಯೆಂದೆಯನ್ನು ಆರಿಸಿತು; ಅಲೆಸಾಂದ್ರಿಗೆ ೩೫ ಮತಗಳು ಬಂದುವು. ಆದರೆ ಆ ೧೫೩ರಲ್ಲಿ ನಡುಪಂಥದವರ ಮತಗಳೂ ಸೇರಿದ್ದುವು. ಪ್ರಜಾಪ್ರಭುತ್ವದ ಹಕ್ಕುಗಳನ್ನು ರಾಜ್ಯಾಂಗಕ್ಕೆ ಸೇರಿಸಬೇಕೆಂಬ ಕರಾರಿನ ಮೇಲೆ ಅವರು ಅವನ್ನು ಕೊಟ್ಟಿದ್ದರು. ಅದು ಆ ದಿನಕ್ಕೆ ಕೊಟ್ಟ ಮತವೇ ಹೊರತು ಆರು ವರ್ಷಗಳ ಮೈತ್ರಿಯಲ್ಲ.

ಮುಂದೆ ನಡೆದುದು ಒಂದು ದೀರ್ಘವಾದ ಹಗ್ಗಜಗ್ಗಾಟ. ಅಯೆಂದೆ ದೇಶದ ಆರ್ಥಿಕ ವ್ಯವಸ್ಥೆಯನ್ನೇ ಬುಡದಿಂದ ಬದಲಾಯಿಸಲು ಹೊರಟಿದ್ದನು. ಸಭೆಯಲ್ಲಿ ಅವನ ಕೂಟಕ್ಕೆ ಬಹುಮತವಿರಲಿಲ್ಲ. ಮಸೂದೆಗಳು ನಿಂತಾಗ ಸರ್ಕಾರ ೧೯೩೨ರ ಹಳೆಯ ಶಾಸನವೊಂದನ್ನು ಹೊರತೆಗೆದು ಕಾರ್ಖಾನೆಗಳನ್ನು ವಶಪಡಿಸಿಕೊಂಡಿತು. ಸಭೆ ಮಂತ್ರಿಗಳ ಮೇಲೆ ದೋಷಾರೋಪ ಹೊರಿಸಿ ಅವರನ್ನು ಕೆಳಗಿಳಿಸಿತು. ಬೆಲೆಗಳು ಮಿತಿಮೀರಿ ಏರಿದುವು. ೧೯೭೨ರ ಅಕ್ಟೋಬರಿನಲ್ಲಿ ಲಾರಿ ಮಾಲೀಕರ ಮುಷ್ಕರ ದೇಶದ ಸಾಗಾಣಿಕೆಯನ್ನೇ ನಿಲ್ಲಿಸಿತು.

೧೯೭೩ರ ಮಾರ್ಚಿನ ಶಾಸನಸಭೆಯ ಚುನಾವಣೆ ಈ ಗಂಟನ್ನು ಬಿಡಿಸುವುದೆಂದು ಎರಡು ಕಡೆಯವರೂ ನಂಬಿದ್ದರು. ಪ್ರತಿನಿಧಿಸಭೆಯ ೧೫೦ ಸ್ಥಾನಗಳಲ್ಲಿ ವಿರೋಧಿಗಳಿಗೆ ೮೭, ಸರ್ಕಾರದ ಕಡೆಗೆ ೬೩ ಬಂದುವು. ವಿರೋಧಿಗಳಿಗೆ ಸರ್ಕಾರವನ್ನು ತಡೆಯುವಷ್ಟು ಬಲ ಬಂದಿತು. ಅಧ್ಯಕ್ಷನನ್ನು ಕೆಳಗಿಳಿಸಲು ಸೆನೇಟಿನ ಮೂರರಲ್ಲಿ ಎರಡು ಪಾಲು ಬೇಕಾಗಿತ್ತು, ಅದು ಬರಲಿಲ್ಲ. ಸರ್ಕಾರಕ್ಕೆ ಉಳಿದುಕೊಳ್ಳುವಷ್ಟು ಬಲವಿತ್ತು, ಆಳುವಷ್ಟು ಇರಲಿಲ್ಲ. ಪಾರ್ಲಿಮೆಂಟರಿ ಪದ್ಧತಿಯಲ್ಲಾಗಿದ್ದರೆ ಇಲ್ಲಿ ಸರ್ಕಾರ ಬಿದ್ದು ಹೊಸದೊಂದು ಕೂಟ ಏರ್ಪಡುತ್ತಿತ್ತು. ಚಿಲಿಯಲ್ಲಿ ೧೯೭೬ರವರೆಗೆ ಕಾಯದೆ ಗತ್ಯಂತರವಿರಲಿಲ್ಲ. ಆಗಸ್ಟ್ ೨೨ರಂದು ಪ್ರತಿನಿಧಿಸಭೆ ೮೧ಕ್ಕೆ ೪೭ರಂತೆ ಸರ್ಕಾರ ಕಾನೂನನ್ನು ಮುರಿದಿದೆಯೆಂಬ ನಿರ್ಣಯವನ್ನು ಮಾಡಿತು. ಸೆಪ್ಟೆಂಬರ್ ೧೧ರಂದು ಸೇನೆ ಅಧ್ಯಕ್ಷನ ಅರಮನೆಯ ಮೇಲೆ ಬಾಂಬು ಹಾಕಿತು. ಅಯೆಂದೆ ಅಲ್ಲಿಯೇ ಮಡಿದನು. ಜನರಲ್ ಪಿನೊಚೆಟ್‌ನ ಸರ್ವಾಧಿಕಾರ ೧೯೯೦ರವರೆಗೆ ನಡೆಯಿತು. ಆ ಕಾಲದಲ್ಲಿ ಕೊಲೆಯಾದವರೂ ಕಾಣೆಯಾದವರೂ ಸೇರಿ ಮೂರು ಸಾವಿರಕ್ಕಿಂತ ಹೆಚ್ಚೆಂದು ಅನಂತರದ ವಿಚಾರಣಾ ಆಯೋಗಗಳು ಲೆಕ್ಕ ಮಾಡಿವೆ.

ಎರಡನೆಯ ಸುತ್ತು ಮದ್ದಾಗಬಲ್ಲುದೆ?

ಇದನ್ನು ಓದಿದ ವಿದ್ಯಾರ್ಥಿಗೆ ಸಹಜವಾಗಿಯೇ ಒಂದು ಉಪಾಯ ಹೊಳೆಯಬಹುದು. ನೂರಕ್ಕೆ ೩೬ ಮತ ಪಡೆದವನನ್ನು ಅಧ್ಯಕ್ಷನನ್ನಾಗಿ ಮಾಡಿದ್ದೇ ತಪ್ಪಲ್ಲವೆ? ಎರಡನೆಯ ಸುತ್ತನ್ನು ಇಟ್ಟರೆ ಗೆದ್ದವನಿಗೆ ಅರ್ಧಕ್ಕಿಂತ ಹೆಚ್ಚು ಮತ ಬಂದೇ ಬರುತ್ತದೆ. ಲ್ಯಾಟಿನ್ ಅಮೆರಿಕದ ಹಲವು ದೇಶಗಳು ೧೯೭೦ರ ದಶಕದ ಕೊನೆಯಿಂದ ಈಚೆಗೆ ಈ ಉಪಾಯವನ್ನೇ ಹಿಡಿದುವು. ಫಲವೇನಾಯಿತೆಂಬುದನ್ನು ಪೆರು ದೇಶದಲ್ಲಿ ನೋಡಬಹುದು.

೧೯೯೦ರ ಏಪ್ರಿಲ್ ತಿಂಗಳ ಮೊದಲ ಸುತ್ತಿನಲ್ಲಿ ಪೆರುವಿನ ಪ್ರಸಿದ್ಧ ಕಾದಂಬರಿಕಾರ ಮಾರಿಯೊ ವರ್ಗಾಸ್ ಯೋಸಾಗೆ ನೂರಕ್ಕೆ ಸುಮಾರು ೩೩, ಅಷ್ಟಾಗಿ ಹೆಸರು ಕೇಳದಿದ್ದ ಆಲ್ಬರ್ಟೊ ಫುಜಿಮೋರಿಗೆ ೨೯ ಮತಗಳು ಬಂದುವು. ಜೂನ್ ತಿಂಗಳ ಎರಡನೆಯ ಸುತ್ತಿನಲ್ಲಿ ಫುಜಿಮೋರಿ ನೂರಕ್ಕೆ ೬೨ ಪಡೆದು ಅಧ್ಯಕ್ಷನಾದನು. ಆದರೆ ಶಾಸನಸಭೆಯ ಚುನಾವಣೆ ಮೊದಲ ಸುತ್ತಿನ ದಿನವೇ ಮುಗಿದುಹೋಗಿತ್ತು. ಪ್ರತಿನಿಧಿಸಭೆಯ ೧೮೦ ಸ್ಥಾನಗಳಲ್ಲಿ ಅವನ ಪಕ್ಷಕ್ಕೆ ೩೨ ಮಾತ್ರ. ಹೊರಗೆ ನೂರಕ್ಕೆ ೬೨, ಒಳಗೆ ನೂರಕ್ಕೆ ೧೮! "ದೇಶ ನನ್ನ ಕಡೆ ಇದೆ, ಸಭೆ ಮಾತ್ರ ಅಡ್ಡ ನಿಂತಿದೆ" ಎಂದು ಅಂತಹ ಅಧ್ಯಕ್ಷನಿಗೆ ತೋರಿದರೆ ಆಶ್ಚರ್ಯವಿಲ್ಲ. ೧೯೯೨ರ ಏಪ್ರಿಲ್ ೫ರಂದು ಅವನು ಸೇನೆಯ ನೆರವಿನಿಂದ ಸಭೆಯನ್ನು ಮುಚ್ಚಿದನು.

ಗ್ವಾಟೆಮಾಲದಲ್ಲಿಯೂ ಹೀಗೆಯೇ. ಹೋರ್ಹೆ ಸೆರಾನೊ ಎಂಬಾತನಿಗೆ ೧೯೯೦ರ ಮೊದಲ ಸುತ್ತಿನಲ್ಲಿ ನೂರಕ್ಕೆ ೨೪, ೧೯೯೧ರ ಎರಡನೆಯ ಸುತ್ತಿನಲ್ಲಿ ೬೮. ಸಭೆಯ ೧೧೬ ಸ್ಥಾನಗಳಲ್ಲಿ ಅವನ ಪಕ್ಷಕ್ಕೆ ದೊರೆತುದು ೧೮. ೧೯೯೩ರ ಮೇ ತಿಂಗಳಲ್ಲಿ ಅವನೂ ಸಭೆಯನ್ನು ಮುಚ್ಚಹೋದನು. ಅಲ್ಲಿನ ರಾಜ್ಯಾಂಗ ನ್ಯಾಯಾಲಯವೂ ಜನರೂ ತಿರುಗಿಬಿದ್ದುದರಿಂದ ಕೆಲವೇ ದಿನಗಳಲ್ಲಿ ದೇಶವನ್ನು ಬಿಟ್ಟು ಹೋಗಬೇಕಾಯಿತು.

ಇದರ ಕಾರಣವನ್ನು ನಮ್ಮ ಭೀಮಯ್ಯನಲ್ಲಿಯೇ ಕಾಣಬಹುದು. ಎರಡನೆಯ ಸುತ್ತಿನಲ್ಲಿ ಅವನಿಗೆ ೫೨ ಮತಗಳು ಬಂದುವು, ನಿಜ. ಆದರೆ ಮೊದಲ ಸುತ್ತಿನ ದಿನವೇ ನೂರು ಸ್ಥಾನಗಳ ಸಭೆಯೊಂದನ್ನು ಪ್ರಮಾಣಾನುಗುಣವಾಗಿ ಆರಿಸಿದ್ದರೆ ಅದರಲ್ಲಿ ಅವನ ಕಡೆಯವರು ೩೪ ಜನವೇ. ಉಳಿದ ೧೮ ಮತಗಳು ಸಾಲವಾಗಿ ಬಂದವು. ಸಾಲ ಕೊಟ್ಟವರಿಗೆ ಸಭೆಯಲ್ಲಿ ಬೇರೆ ಪ್ರತಿನಿಧಿಗಳಿದ್ದಾರೆ. ಎರಡನೆಯ ಸುತ್ತು ಬಹುಮತವನ್ನು ಹುಟ್ಟಿಸುವುದು ಮತಪತ್ರದ ಮೇಲೆ ಮಾತ್ರ. ಸಭೆಯ ಪೀಠಗಳ ಮೇಲೆ ಅಲ್ಲ.

ಇನ್ನೊಂದು ಪರಿಣಾಮವೂ ಉಂಟು. ಫ್ರಾನ್ಸಿನ ಮೋರಿಸ್ ಡ್ಯುವರ್ಜೆ ೧೯೫೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಎಣಿಕೆಯ ನಿಯಮಕ್ಕೂ ಪಕ್ಷಗಳ ಸಂಖ್ಯೆಗೂ ಇರುವ ಸಂಬಂಧವನ್ನು ವಿವರಿಸಿದನು. ಒಂದೇ ಸುತ್ತಾದರೆ ಗೆಲ್ಲದವನಿಗೆ ಕೊಟ್ಟ ಮತ ವ್ಯರ್ಥವಾದೀತೆಂದು ಜನ ಇಬ್ಬರು ಬಲಶಾಲಿಗಳ ಸುತ್ತ ಸೇರುತ್ತಾರೆ. ಸಣ್ಣ ಪಕ್ಷಗಳು ಮೊದಲೇ ಮಾತುಕತೆಯಾಡಿ ಒಂದಾಗುತ್ತವೆ. ಎರಡು ಸುತ್ತುಗಳಾದರೆ ಮೊದಲ ಸುತ್ತಿನಲ್ಲಿ ಅಂತಹ ಅವಸರವಿಲ್ಲ. ಮನಸ್ಸಿಗೆ ಬಂದವನಿಗೆ ಮತ ಕೊಡಬಹುದು, ಎರಡನೆಯ ಸ್ಥಾನ ಸಿಕ್ಕರೂ ಸಾಕೆಂದು ಹಲವರು ನಿಲ್ಲಬಹುದು. ಹೀಗೆ ಒಡೆದ ಪಕ್ಷಗಳನ್ನು ಕೂಡಿಸಲೆಂದು ತಂದ ನಿಯಮವೇ ಅವನ್ನು ಇನ್ನಷ್ಟು ಒಡೆಯಬಲ್ಲುದು.

ಕೋಸ್ಟರಿಕದ ನೂರಕ್ಕೆ ನಲವತ್ತು

ಈಗ ಮಧ್ಯ ಅಮೆರಿಕದ ಚಿಕ್ಕ ದೇಶವಾದ ಕೋಸ್ಟರಿಕವನ್ನು ನೋಡೋಣ. ಅಲ್ಲಿ ೧೯೪೮ರಲ್ಲಿ ಅಧ್ಯಕ್ಷ ಚುನಾವಣೆಯ ಫಲಿತಾಂಶವನ್ನು ಶಾಸನಸಭೆ ರದ್ದುಗೊಳಿಸಿದುದರಿಂದ ಅಂತರ್ಯುದ್ಧವೇ ನಡೆಯಿತು. ಆ ಪೆಟ್ಟಿನಿಂದ ಪಾಠ ಕಲಿತವರು ೧೯೪೯ರ ರಾಜ್ಯಾಂಗವನ್ನು ರಚಿಸಿದರು. ಅದರಂತೆ ಮತ ಎಣಿಸುವ ಕೆಲಸ ಸ್ವತಂತ್ರವಾದ ಚುನಾವಣಾ ನ್ಯಾಯಮಂಡಲಿಯದು. ಅಧ್ಯಕ್ಷನಾಗಲು ಅರ್ಧಕ್ಕಿಂತ ಹೆಚ್ಚು ಬೇಕಾಗಿಲ್ಲ. ನೂರಕ್ಕೆ ೪೦ ಬಂದರೆ ಸಾಕು. ಯಾರೂ ಅಷ್ಟನ್ನು ಮುಟ್ಟದಿದ್ದರೆ ಮಾತ್ರ ಎರಡನೆಯ ಸುತ್ತು. ಅಧ್ಯಕ್ಷನಿಗೂ ೫೭ ಸದಸ್ಯರ ಶಾಸನಸಭೆಗೂ ನಾಲ್ಕು ವರ್ಷಕ್ಕೊಮ್ಮೆ ಒಂದೇ ದಿನ ಚುನಾವಣೆ. ನಲವತ್ತರ ಗೆರೆಯನ್ನು ದಾಟಬೇಕಾದರೆ ಮೊದಲೇ ಒಂದಾಗಬೇಕು. ಒಂದೇ ದಿನ ಮತ ಬೀಳುವುದರಿಂದ ಅಧ್ಯಕ್ಷನ ಬೆನ್ನ ಹಿಂದೆಯೇ ಅವನ ಪಕ್ಷವೂ ಸಭೆಗೆ ಬರುತ್ತದೆ. ಈ ರಾಜ್ಯಾಂಗದ ಕೆಳಗೆ ಎರಡನೆಯ ಸುತ್ತು ಮೊದಲ ಬಾರಿಗೆ ಬೇಕಾದುದು ೨೦೦೨ರಲ್ಲಿ.

೨೦೦೬ರಲ್ಲಿ ಈ ನಿಯಮಕ್ಕೆ ಕಠಿನವಾದ ಪರೀಕ್ಷೆ ಬಂದಿತು. ಆಸ್ಕರ್ ಆರಿಯಾಸ್‌ಗೆ ನೂರಕ್ಕೆ ೪೦.೯, ಒಟ್ಟೋನ್ ಸೋಲಿಸ್‌ಗೆ ೩೯.೮, ಅಂತರ ಸುಮಾರು ೧೮ ಸಾವಿರ ಮತಗಳು. ಚಿಲಿಯಲ್ಲಿ ೧೯೭೦ರ ಅಂತರ ನೂರಕ್ಕೆ ೧.೩ ಆಗಿದ್ದರೆ ಇಲ್ಲಿ ೧.೧; ಇನ್ನೂ ಕಡಿಮೆ. ಮತಗಳನ್ನು ಕೈಯಿಂದ ಎಣಿಸಿ ಫಲಿತಾಂಶವನ್ನು ಸಾರಲು ಸುಮಾರು ಒಂದು ತಿಂಗಳು ಹಿಡಿಯಿತು. ಸೋತವರು ಫಲಿತಾಂಶವನ್ನು ಒಪ್ಪಿಕೊಂಡರು. ಆರಿಯಾಸ್‌ನ ಪಕ್ಷಕ್ಕೆ ಸಭೆಯಲ್ಲಿ ೫೭ಕ್ಕೆ ೨೫ ಸ್ಥಾನಗಳು ಬಂದುವು: ಬಹುಮತವಲ್ಲ, ಆದರೆ ಇನ್ನು ನಾಲ್ವರನ್ನು ಒಪ್ಪಿಸಿದರೆ ಕೆಲಸ ನಡೆಯುತ್ತದೆ. ಪೆರುವಿನ ೩೨ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಅರ್ಜೆಂಟೀನವೂ ೧೯೯೪ರಲ್ಲಿ ಇದನ್ನು ಹೋಲುವ ನಿಯಮವನ್ನು ತಂದಿತು: ನೂರಕ್ಕೆ ೪೫, ಅಥವಾ ೪೦ರ ಜೊತೆಗೆ ಎರಡನೆಯವನಿಗಿಂತ ೧೦ರಷ್ಟು ಮುಂದಿದ್ದರೆ ಗೆಲುವು.

ನಿಯಮವೇ ಎಲ್ಲವೂ ಅಲ್ಲ

ಇಲ್ಲಿಗೆ ನಿಲ್ಲಿಸಿದರೆ ನಮ್ಮ ವಾದ ಅರ್ಧಸತ್ಯವಾದೀತು. ಪ್ರಯೋಗಶಾಲೆಯಲ್ಲಿ ಉಷ್ಣತೆಯೊಂದನ್ನೇ ಬದಲಾಯಿಸಿ ಉಳಿದುದನ್ನು ಸ್ಥಿರವಾಗಿಡಬಹುದು. ದೇಶಗಳೊಡನೆ ಹಾಗೆ ಮಾಡುವಂತಿಲ್ಲ. ಚಿಲಿಯಲ್ಲಿ ಅಯೆಂದೆ ಅಧಿಕಾರಕ್ಕೆ ಬರದಂತೆ ಅಮೆರಿಕ ಸಂಯುಕ್ತ ಸಂಸ್ಥಾನದ ಗುಪ್ತಚರ ಸಂಸ್ಥೆ ಮಾಡಿದ ಪ್ರಯತ್ನಗಳು ಆ ದೇಶದ ಸೆನೇಟು ಸಮಿತಿಯ ೧೯೭೫ರ ವರದಿಯಲ್ಲಿಯೇ ದಾಖಲಾಗಿವೆ. ರಾಜ್ಯಾಂಗವನ್ನು ಸೇನೆ ಗೌರವಿಸಬೇಕೆಂದು ಪಟ್ಟುಹಿಡಿದಿದ್ದ ಸೇನಾಧಿಪತಿ ರೆನೆ ಶ್ನೈಡರ್ ೧೯೭೦ರ ಅಕ್ಟೋಬರಿನಲ್ಲಿ ಗುಂಡೇಟಿಗೆ ಬಲಿಯಾದನು. ಕೋಸ್ಟರಿಕವಾದರೋ ೧೯೪೮ರಲ್ಲಿ ತನ್ನ ಸೇನೆಯನ್ನೇ ವಿಸರ್ಜಿಸಿತು. ಸೇನೆಯೇ ಇಲ್ಲದ ದೇಶದಲ್ಲಿ ಸೈನಿಕ ಕ್ರಾಂತಿ ಎಲ್ಲಿಂದ ಬರಬೇಕು?

ವಿದ್ವಾಂಸರಲ್ಲಿಯೂ ಈ ಬಗ್ಗೆ ಒಮ್ಮತವಿಲ್ಲ. ಸ್ಕಾಟ್ ಮೇನ್‌ವೇರಿಂಗ್ ಎಂಬಾತ ೧೯೯೩ರಲ್ಲಿ, ೧೯೬೭ರಿಂದ ೧೯೯೨ರವರೆಗೆ ಎಡೆಬಿಡದೆ ನಡೆದುಬಂದ ೩೧ ಪ್ರಜಾಪ್ರಭುತ್ವಗಳನ್ನು ಪಟ್ಟಿಮಾಡಿದನು. ಅವುಗಳಲ್ಲಿ ಅಧ್ಯಕ್ಷ ಪದ್ಧತಿಯವು ನಾಲ್ಕೇ: ಅಮೆರಿಕ ಸಂಯುಕ್ತ ಸಂಸ್ಥಾನ, ಕೋಸ್ಟರಿಕ, ಕೊಲಂಬಿಯ ಮತ್ತು ವೆನಿಜುವೆಲ. ಆ ನಾಲ್ಕರಲ್ಲಿಯೂ ದೊಡ್ಡ ಪಕ್ಷಗಳು ಎರಡರ ಆಸುಪಾಸಿನಲ್ಲಿಯೇ ಇದ್ದುವು. ಅಧ್ಯಕ್ಷ ಪದ್ಧತಿಯೂ ಬಹುಪಕ್ಷಗಳೂ ಕೂಡಿದರೆ ಕಷ್ಟವೆಂಬುದು ಅವನ ತೀರ್ಮಾನ. ಜೋಸೆ ಆಂಟೋನಿಯೊ ಶೈಬುಬ್ ೨೦೦೭ರಲ್ಲಿ ಇದನ್ನು ಪ್ರಶ್ನಿಸಿ, ಕುಸಿದ ದೇಶಗಳಲ್ಲಿ ಮೊದಲಿನಿಂದಲೂ ಇದ್ದ ಸೇನೆಯ ಪ್ರಾಬಲ್ಯವೇ ಮುಖ್ಯ ಕಾರಣವೆಂದು ವಾದಿಸಿದನು. ಈ ವಾದಕ್ಕೆ ಆಧಾರವಿಲ್ಲದೆ ಇಲ್ಲ. ೧೯೯೦ರ ಅನಂತರ ಚಿಲಿಯಲ್ಲಿ ಪಕ್ಷಗಳು ಹಲವಿದ್ದರೂ ಅವು ಚುನಾವಣೆಗೆ ಮೊದಲೇ ಸ್ಥಿರವಾದ ಕೂಟಗಳನ್ನು ಕಟ್ಟಿಕೊಂಡುದರಿಂದ ಅಧ್ಯಕ್ಷರು ತಮ್ಮ ಅವಧಿಗಳನ್ನು ಪೂರೈಸಿದ್ದಾರೆ. ನಿಯಮ ಕೊಡದಿದ್ದ ಬಹುಮತವನ್ನು ಅವರು ಮಾತುಕತೆಯಿಂದ ಸಂಪಾದಿಸಿದರು. ಅಯೆಂದೆಗೂ ನಡುಪಂಥದವರಿಗೂ ನಡುವೆ ೧೯೭೦ರಲ್ಲಿ ಕೈಗೂಡದೆ ಹೋದುದು ಇದೇ.

ಪಕ್ಷಗಳನ್ನು ಕಡಿಮೆ ಮಾಡುವ ನಿಯಮಕ್ಕೆ ಬೆಲೆಯೂ ಉಂಟು. ಒಂದೇ ಸುತ್ತಿನ ಒತ್ತಾಯದಿಂದ ಜನರನ್ನು ಇಬ್ಬರ ಹಿಂದೆ ನಿಲ್ಲಿಸಿದರೆ ಮೂರನೆಯವರ ದನಿ ಅಡಗುತ್ತದೆ. ನಮ್ಮ ಲೆಕ್ಕದಲ್ಲಿ ಹೆಚ್ಚು ಜನರಿಗೆ ಒಪ್ಪಿಗೆಯಾಗಬಹುದಾಗಿದ್ದ ಸೋಮಯ್ಯ ಎರಡು ನಿಯಮಗಳಲ್ಲಿಯೂ ಮೊದಲೇ ಹೊರಬಿದ್ದುದನ್ನು ಮರೆಯಬಾರದು. ಎಲ್ಲ ಅಭಿಪ್ರಾಯಗಳಿಗೂ ಸ್ಥಾನವಿರಬೇಕು, ಆಡಳಿತವೂ ನಡೆಯಬೇಕು ಎಂಬ ಎರಡು ಅಪೇಕ್ಷೆಗಳನ್ನು ಏಕಕಾಲದಲ್ಲಿ ಪೂರ್ಣವಾಗಿ ಸಲ್ಲಿಸುವ ನಿಯಮವಿಲ್ಲ. ಎಷ್ಟನ್ನು ಬಿಟ್ಟು ಎಷ್ಟನ್ನು ಪಡೆಯಬೇಕೆಂಬುದು ಆಯಾ ಜನರ ವಿವೇಕಕ್ಕೆ ಸೇರಿದ್ದು.

ಹೀಗಿರುವುದರಿಂದ ಯಾವುದೊಂದು ದೇಶದಲ್ಲಿ ಹೊಸ ಅಧ್ಯಕ್ಷನು ಭಾರಿ ಬಹುಮತದಿಂದ ಗೆದ್ದನೆಂದು ವೃತ್ತಪತ್ರಿಕೆಯಲ್ಲಿ ಓದಿದಾಗ ವಿದ್ಯಾರ್ಥಿಗಳು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಮೊದಲ ಸುತ್ತಿನಲ್ಲಿ ಅವನಿಗೆ ಬಂದ ಮತವೆಷ್ಟು? ಶಾಸನಸಭೆಯನ್ನು ಆರಿಸಿದುದು ಯಾವಾಗ? ಅದರಲ್ಲಿ ಅವನ ಕಡೆಯವರು ಎಷ್ಟು ಜನ? ಗೆಲುವಿನ ಅಂಕಿಯೊಡನೆ ಈ ಮೂರು ಅಂಕಿಗಳನ್ನೂ ಇಟ್ಟು ನೋಡಿದರೆ ಆ ಸರ್ಕಾರದ ಮುಂದಿನ ದಾರಿ ಸುಗಮವೋ ದುರ್ಗಮವೋ ಎಂಬುದನ್ನು ಸ್ವಲ್ಪಮಟ್ಟಿಗಾದರೂ ಊಹಿಸಬಹುದು.